ಆರು ಮಳೆಗಾಲ ಕಂಡ ನಮ್ಮ ಸ್ಲೈಡಿಂಗ್ ಗೇಟು: ಕಬ್ಬಿಣದ ಫ್ರೇಮು, ಹಲಸಿನ ಹಲಗೆ

ಈ ಗೇಟು ನಿಲ್ಲಿಸಿದ್ದು 2020ರ ಜನವರಿಯಲ್ಲಿ. ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ. ಇಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಹೊಸ ಗೇಟು ಮೊದಲ ವರ್ಷ ಯಾರ ಮನೆಯದ್ದಾದರೂ ಚೆಂದವೇ ಕಾಣುತ್ತದೆ. ಆರು ಮಳೆಗಾಲ ಕಳೆದ ಮೇಲೆ ಏನು ಉಳಿಯಿತು, ಏನು ಹೋಯಿತು ಅಂತ ಹೇಳಿದರೆ ಮಾತ್ರ ಮಾಡಿಸುವವರಿಗೆ ಉಪಯೋಗ.

ಮೊದಲು ಅಲ್ಲಿ ಉಣುಗೋಲು ಇತ್ತು. ಎರಡು ಕಲ್ಲುಕಂಬ, ಅವುಗಳ ತೂತಿಗೆ ಅಡ್ಡ ತೂರಿಸುವ ನಾಲ್ಕು ಗಳ. ದನ ಒಳಗೆ ಬಾರದ ಹಾಗೆ ಅಷ್ಟು ಸಾಕಿತ್ತು. ಕಾರು ಬಂದ ಮೇಲೆ ದಿನಕ್ಕೆ ನಾಲ್ಕು ಸಲ ಇಳಿದು ಗಳ ಸರಿಸಿ, ಮತ್ತೆ ಹಾಕಿ ಸಾಕಾಯಿತು. ಬಾಗಿಲಿನ ಹಾಗೆ ತೆರೆಯುವ ಗೇಟು ನಮ್ಮಲ್ಲಿ ಆಗುವುದಿಲ್ಲ. ಅಂಗಳ ಏರು. ಒಳಕ್ಕೆ ತೆರೆದರೆ ತಳ ನೆಲಕ್ಕೆ ಉಜ್ಜುತ್ತದೆ, ಹೊರಕ್ಕೆ ತೆರೆದರೆ ರಸ್ತೆಗೆ ಅಡ್ಡ. ಅದೂ ಅಲ್ಲದೆ 12 ಅಡಿ ಅಗಲದ ಗೇಟನ್ನು ಒಂದೇ ಕಂಬಕ್ಕೆ ತೂಗುಹಾಕಿದರೆ ಭಾರ ಪೂರ್ತಿ ತಿರುಗಣಿ ಮೇಲೆ ಬೀಳುತ್ತದೆ. ನಾಲ್ಕು ವರ್ಷಕ್ಕೆ ಕಂಬ ವಾಲುತ್ತದೆ, ಗೇಟಿನ ಮೂಗು ಇಳಿಯುತ್ತದೆ. ಸರಿಸುವ ಗೇಟಿನ ಭಾರ ಗಾಲಿಯ ಮೇಲೆ, ಗಾಲಿಯದ್ದು ನೆಲದ ಮೇಲೆ. ನಮ್ಮ ಪಾಗಾರದ ಪಕ್ಕ ಎಡಗಡೆಗೆ 14 ಅಡಿ ಸಮತಟ್ಟು ಜಾಗ ಇತ್ತು. ಹಾಗಾಗಿ ಸ್ಲೈಡಿಂಗ್ ಅಂತ ತೀರ್ಮಾನವಾಯಿತು.

ಮರ ಮನೆಯದ್ದೇ. 2018ರ ಮಳೆಗೆ ಕೊಟ್ಟಿಗೆ ಹಿಂದಿನ ಹಲಸಿನ ಮರ ಬಿದ್ದಿತ್ತು. ನನ್ನ ಅಜ್ಜ ನೆಟ್ಟ ಮರ ಅದು. ಸೌದೆ ಮಾಡಲು ಮನಸ್ಸು ಬರಲಿಲ್ಲ. ಸಾ ಮಿಲ್ಲಿನಲ್ಲಿ 5 ಇಂಚು ಅಗಲದ ಹಲಗೆ ಕೊಯ್ಯಿಸಿ, ನಡುವೆ ರೀಪು ಇಟ್ಟು, ಗಾಳಿ ಆಡುವ ಹಾಗೆ ಅಟ್ಟದಲ್ಲಿ ಪೇರಿಸಿದೆವು. ಒಂದು ವರ್ಷದ ಮೇಲೆ ಅಲ್ಲೇ ಒಣಗಿತು. ಹಸಿ ಹಲಗೆ ಹೊಡೆದ ಗೇಟುಗಳು ಮೊದಲ ಬೇಸಿಗೆಗೇ ತಿರುಚಿಕೊಂಡದ್ದನ್ನು ನಮ್ಮೂರಲ್ಲೇ ನೋಡಿದ್ದೇನೆ. ಈ ಕಾಯುವ ಕೆಲಸ ಮಾತ್ರ ಬಿಡಬೇಡಿ.

ಫ್ರೇಮು 13 ಅಡಿ ಉದ್ದ, 5 ಅಡಿ ಎತ್ತರ. 50 ಮಿಮೀ ಚೌಕದ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಉಕ್ಕು) ಟ್ಯೂಬು, ದಪ್ಪ 2 ಮಿಮೀ. ನಡುವೆ ಎರಡು ನಿಲುವು, ಒಂದು ಅಡ್ಡಪಟ್ಟಿ. ಕಡಿಮೆಗೆ ಆಗುತ್ತದೆ ಅಂತ 1.2 ಮಿಮೀ ಟ್ಯೂಬು ತೋರಿಸುತ್ತಾರೆ, ತಗೋಬೇಡಿ. ವೆಲ್ಡಿಂಗ್ ಮಾಡುವಾಗ ತೂತಾಗುತ್ತದೆ, ತುಕ್ಕು ಹಿಡಿದರೆ ಎರಡೇ ವರ್ಷಕ್ಕೆ ಆಚೆ ಕಾಣುತ್ತದೆ. ಹಲಗೆ, ಗಾಲಿ ಎಲ್ಲಾ ಸೇರಿ ನಮ್ಮ ಗೇಟು ಸುಮಾರು 125 ಕಿಲೋ. ಹಳಿಗೆ 40 ಮಿಮೀ ಆಂಗಲ್ಲನ್ನು (ಎಲ್ ಆಕಾರದ ಕಬ್ಬಿಣ) ಬೆನ್ನು ಮೇಲೆ ಮಾಡಿ 26 ಅಡಿ ಕಾಂಕ್ರೀಟಿನಲ್ಲಿ ಕೂರಿಸಿದ್ದು. ಅದರ ಮೇಲೆ ವಿ ಆಕಾರದ ತೋಡು ಇರುವ 4 ಇಂಚಿನ ಎರಡು ಗಾಲಿ ಓಡುತ್ತವೆ. ಹಳಿಯ ಮಟ್ಟ ನೋಡಿದ್ದು ನೀರು ತುಂಬಿದ ಪೈಪಿನಲ್ಲಿ. ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. ಒಂದು ಕಡೆ ತಗ್ಗಾದರೆ ಗೇಟು ತಾನೇ ಆ ಕಡೆಗೆ ಹೊರಡುತ್ತದೆ.

ವೆಲ್ಡಿಂಗ್ ದಿನ ನಾನು ಶೆಡ್ಡಿನಲ್ಲೇ ಇದ್ದೆ. ಇದ್ದದ್ದು ಒಳ್ಳೆಯದಾಯಿತು. ನಾಲ್ಕು ಮೂಲೆಗೂ ಮೊದಲು ಟ್ಯಾಕ್ (ಚುಕ್ಕೆಯಷ್ಟು ಬೆಸುಗೆ) ಮಾತ್ರ ಹೊಡೆದರು. ಆಮೇಲೆ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆದೆವು. ಒಂದು ಕಡೆ 13 ಅಡಿ 11 ಇಂಚು, ಇನ್ನೊಂದು ಕಡೆ ಅದಕ್ಕಿಂತ ಅರ್ಧ ಇಂಚು ಜಾಸ್ತಿ. ಉದ್ದವಿದ್ದ ಮೂಲೆಗೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ಎರಡು ಏಟು ಕೊಟ್ಟ ಮೇಲೆ ಎರಡೂ ಸಮ ಬಂತು. ಆಮೇಲೇ ಪೂರ್ತಿ ವೆಲ್ಡ್. ಅದೂ ಒಂದೇ ಕಡೆಯಿಂದ ಹೊಡೆಯುತ್ತಾ ಹೋಗಬಾರದು. ಇಲ್ಲಿ ಒಂದು ಇಂಚು, ಎದುರು ಮೂಲೆಯಲ್ಲಿ ಒಂದು ಇಂಚು ಅಂತ ಬದಲಾಯಿಸುತ್ತಾ ಹೋಗಬೇಕು. ವೆಲ್ಡ್ ಆರುವಾಗ ಕಬ್ಬಿಣವನ್ನು ಎಳೆಯುತ್ತದೆ. ಒಂದೇ ಕಡೆ ಹೊಡೆದರೆ ಇಡೀ ಫ್ರೇಮು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ನಮ್ಮ ಫ್ರೇಮು ಇವತ್ತಿಗೂ ನೇರವಾಗಿದೆ. ಪೂರ್ತಿ ಅಂಕ ಕೊಡುವುದು ಇದಕ್ಕೇ.

ಹಲಗೆ ಹೊಡೆದವರು ನಮ್ಮೂರಿನ ಹಿರಿಯ ಆಚಾರ್ರು. ನನಗೆ ಸಂದೇ ಇಲ್ಲದ ಹಾಗೆ ಒತ್ತಿ ಕೂರಿಸಬೇಕು ಅಂತ ಆಸೆ ಇತ್ತು. ಅವರು ಒಪ್ಪಲೇ ಇಲ್ಲ. "ಮರ ಬೇಸಿಗೆಯಲ್ಲಿ ಒಂದಳತೆ, ಮಳೆಯಲ್ಲಿ ಒಂದಳತೆ ಮಾರಾಯ್ರೇ. ಅದಕ್ಕೆ ಜಾಗ ಕೊಡದಿದ್ದರೆ ಅದೇ ಜಾಗ ಮಾಡಿಕೊಳ್ಳುತ್ತದೆ" ಅಂದರು. ಒಂದೊಂದು ಹಲಗೆ ನಡುವೆ 6 ಮಿಮೀ ಬಿಟ್ಟರು. ಕುತೂಹಲಕ್ಕೆ ಮಗಳ ಸ್ಕೇಲ್ ಹಿಡಿದು ನೋಡಿದ್ದೇನೆ. ಏಪ್ರಿಲ್‌ನಲ್ಲಿ ಆ ಸಂದು 7 ಮಿಮೀ, ಆಗಸ್ಟ್‌ನಲ್ಲಿ 4 ಮಿಮೀ. ಒಂದು ಹಲಗೆಗೆ 3 ಮಿಮೀ ಅಂದರೆ ಇಡೀ ಗೇಟಿಗೆ ಮೂರೂವರೆ ಇಂಚಿನ ಹತ್ತಿರ ಆಗುತ್ತದೆ! ಒತ್ತಿ ಕೂರಿಸಿದ್ದರೆ ಹಲಗೆಗಳು ಒಂದನ್ನೊಂದು ತಳ್ಳಿ ಉಬ್ಬಿ ನಿಲ್ಲುತ್ತಿದ್ದವು. ಉದ್ದಕ್ಕೆ ಮರ ಹಿಗ್ಗುವುದಿಲ್ಲ ಅಂತಲೇ ಹೇಳಬಹುದು. ಹಿಗ್ಗುವುದೆಲ್ಲ ಅಗಲಕ್ಕೆ. ಹಾಗಾಗಿ ಹಲಗೆ ನಿಲ್ಲಿಸಿ ಹೊಡೆದರೆ ನೀರೂ ಕೆಳಗೆ ಜಾರುತ್ತದೆ, ಹಿಗ್ಗುವುದಕ್ಕೂ ದಾರಿ ಇರುತ್ತದೆ.

ಇಲ್ಲಿಯವರೆಗೆ ಎಲ್ಲಾ ಸರಿ. ಇನ್ನು ಕೆಟ್ಟದ್ದು.

ಮೊದಲು ಕೆಟ್ಟದ್ದು ಹಲಗೆಯ ಕಾಲು. ಹಲಗೆಗಳ ತುದಿಯನ್ನು ಕೆಳಗಿನ ಟ್ಯೂಬಿನ ಮೇಲೆ ಕೂರಿಸಿದ್ದೆವು. ನೋಡಲು ಅಚ್ಚುಕಟ್ಟು. ಆದರೆ ಜಾರಿ ಬಂದ ನೀರೆಲ್ಲ ಅಲ್ಲೇ ನಿಂತಿತು. ಮರ ಪಕ್ಕದಿಂದ ಕುಡಿಯುವುದಕ್ಕಿಂತ ತುದಿಯಿಂದ ಕುಡಿಯುವುದೇ ಜಾಸ್ತಿ. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಕೆಳಗಿನ ಒಂದು ಇಂಚು ಕಪ್ಪಾಗಿ, ಉಗುರು ಊರಿದರೆ ಒಳಗೆ ಹೋಗುವಷ್ಟು ಮೆತ್ತಗಾಗಿತ್ತು. ಎಲ್ಲಾ ಹಲಗೆ ಬಿಚ್ಚಿ, ಕೆಟ್ಟದ್ದನ್ನು ಕೊಯ್ದು, ಟ್ಯೂಬಿನಿಂದ ಅರ್ಧ ಇಂಚು ಮೇಲೆ ನಿಲ್ಲುವ ಹಾಗೆ ಮತ್ತೆ ಹೊಡೆಸಿದೆ. ತುದಿಯನ್ನು ಹೊರಕ್ಕೆ ಇಳಿಜಾರು ಬರುವ ಹಾಗೆ ಓರೆ ಕತ್ತರಿಸಿ, ಅಲ್ಲಿಗೆ ಮೂರು ಕೈ ಎಣ್ಣೆ ಕುಡಿಸಿದೆ. ಆಮೇಲೆ ಈ ತೊಂದರೆ ಬಂದಿಲ್ಲ.

ಮೂರನೇ ವರ್ಷದ್ದು ನನಗೆ ಗೊತ್ತೇ ಆಗದೆ ನಡೆಯುತ್ತಿತ್ತು. ಒಂದು ದಿನ ಬೆಳಿಗ್ಗೆ ಗೇಟು ಸರಿಸುವಾಗ ಒಳಗಿನಿಂದ ಗುಳುಗುಳು ಸದ್ದು. ಮೊದಲು ಹಲ್ಲಿಯೋ ಇಲಿಯೋ ಅಂದುಕೊಂಡೆ. ಕಿವಿಗೊಟ್ಟು ಕೆಳಗಿನ ಟ್ಯೂಬನ್ನು ಬೆರಳಿನಿಂದ ತಟ್ಟಿದೆ. ಒಂದು ಕಡೆ ಟಣ್ ಅನ್ನುತ್ತಿತ್ತು, ಇನ್ನೊಂದು ಕಡೆ ಡಬ್ ಅನ್ನುತ್ತಿತ್ತು. ಡ್ರಿಲ್ ತಂದು ತಳಕ್ಕೆ 8 ಮಿಮೀ ತೂತು ಹಾಕಿದೆ. ಚಹಾ ಬಣ್ಣದ ನೀರು ಸಣ್ಣಗೆ ಸುರಿಯಲು ಶುರುವಾಯಿತು. ಕೆಳಗೆ ಹಿಡಿದ ಚೊಂಬು ತುಂಬಿ, ಇನ್ನೂ ಅರ್ಧ ಬಂತು. ಕೊನೆಯಲ್ಲಿ ತುಕ್ಕಿನ ಪುಡಿ, ಕೆಮ್ಮಣ್ಣಿನ ಹಾಗೆ. ಹೊರಗೆ ಪೇಂಟು ಹೊಳೆಯುತ್ತಿತ್ತು, ಒಳಗಿನಿಂದ ಕಬ್ಬಿಣ ಹೋಗುತ್ತಿತ್ತು.

ನೀರು ಎಲ್ಲಿಂದ ಹೋಯಿತು? ಹಲಗೆಯ ಸ್ಕ್ರೂಗಳಿಂದ. ಸ್ಕ್ರೂಗಳನ್ನು ನೇರ ಟ್ಯೂಬಿಗೇ ಕೊರೆದು ಹಾಕಿದ್ದರು. ಪ್ರತಿ ಸ್ಕ್ರೂ ಒಂದು ತೂತು. ಮೇಲಿನ ಪಟ್ಟಿಯಲ್ಲಿ ಇಳಿದ ನೀರು ನಿಲುವುಗಳ ಸಂದಿಯಿಂದ ಹಾದು ತಳದ ಟ್ಯೂಬಿಗೆ ಬರುತ್ತಿತ್ತು. ಹೊರಗೆ ಹೋಗಲು ದಾರಿ ಇರಲಿಲ್ಲ. ಈಗ ತಳಕ್ಕೆ ಎರಡೆರಡು ಅಡಿಗೆ ಒಂದು ತೂತು ಇದೆ. ಇನ್ನೊಮ್ಮೆ ಮಾಡಿಸಿದರೆ ಟ್ಯೂಬಿಗೆ ಸ್ಕ್ರೂ ಮುಟ್ಟಿಸುವುದೇ ಇಲ್ಲ. 25 ಮಿಮೀ ಪಟ್ಟಿಯ ತುಂಡುಗಳನ್ನು ಫ್ರೇಮಿಗೆ ಕಿವಿಯ ಹಾಗೆ ವೆಲ್ಡ್ ಮಾಡಿಸಿ, ಅದರಲ್ಲಿ ಉದ್ದುದ್ದ ತೂತು ಮಾಡಿಸಿ, ಹಲಗೆಯನ್ನು ಅದಕ್ಕೆ ಬೋಲ್ಟು ಹಾಕುತ್ತೇನೆ. ಉದ್ದ ತೂತಿದ್ದರೆ ಹಲಗೆ ಹಿಗ್ಗಿ ಕುಗ್ಗುವಾಗ ಬೋಲ್ಟು ಸರಿಯುತ್ತದೆ. ಸ್ಕ್ರೂ, ಬೋಲ್ಟು ಎಸ್‌ಎಸ್ 304 (ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್) ಇರಲಿ. ನಮ್ಮಲ್ಲಿ ಕಡಿಮೆ ಬಿದ್ದಾಗ ಹಾಕಿದ ಹತ್ತು ಕಬ್ಬಿಣದ ಸ್ಕ್ರೂಗಳು ಯಾವುವು ಅಂತ ಈಗ ಕೇಳಬೇಕಿಲ್ಲ. ಅಷ್ಟರ ಸುತ್ತಲೂ ಮರ ಕಪ್ಪಾಗಿ ಕಣ್ಣೀರಿನ ಗೆರೆ ಇಳಿದಿದೆ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ. ಸ್ಟಾಪರ್ ವಿಷಯ.

ಗೇಟು ಹಳಿ ದಾಟಿ ಹೋಗದ ಹಾಗೆ ಎರಡೂ ತುದಿಯಲ್ಲಿ ತಡೆ ಇರಬೇಕು. ನಮ್ಮದಕ್ಕೂ ಇತ್ತು. 2021ರ ಆಗಸ್ಟ್‌ನಲ್ಲಿ ಒಂದು ಸಂಜೆ ಮಳೆ ಜೋರಾಗಿತ್ತು ಅಂತ ಅಮ್ಮ ಬಿರುಸಾಗಿ ಗೇಟು ಎಳೆದರು. ಗೇಟು ಹೋಗಿ ಸ್ಟಾಪರಿಗೆ ಬಡಿಯಿತು. ಸ್ಟಾಪರ್ ಕಿತ್ತು ಬಂತು. ಮುಂದಿನ ಗಾಲಿ ಹಳಿಯಿಂದ ಇಳಿದು ಗೇಟು ಅಮ್ಮನ ಕಡೆಗೆ ವಾಲಿತು. ಮೇಲೆ ಕಂಬದಲ್ಲಿದ್ದ ಎರಡು ನೈಲಾನ್ ರೋಲರ್ ಹಿಡಿದುಕೊಂಡದ್ದರಿಂದ ಅಲ್ಲೇ ನಿಂತಿತು. 125 ಕಿಲೋ. ಆಗ ನನ್ನ ಮಗಳಿಗೆ ಐದು ವರ್ಷ, ಗೇಟಿನ ಅಡ್ಡಪಟ್ಟಿ ಮೇಲೆ ಕಾಲಿಟ್ಟು ಜೋತು ಬೀಳುವುದು ಅವಳ ಆಟ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಕಿತ್ತು ಬಂದ ತುಂಡನ್ನು ತಿರುಗಿಸಿ ನೋಡಿದೆ. ಸುತ್ತಲೂ ವೆಲ್ಡ್ ಇರಲಿಲ್ಲ. ಎರಡು ಚುಕ್ಕೆ ಟ್ಯಾಕ್, ಅದರ ಮೇಲೆ ಪೇಂಟು. ಹಳಿಯ ತುದಿಯಲ್ಲಿ ಕಾಂಕ್ರೀಟು ಬಟ್ಟಲಿನ ಹಾಗೆ ತಗ್ಗಾಗಿತ್ತು, ಅಲ್ಲಿ ನೀರು ನಿಂತು ಆ ಎರಡು ಚುಕ್ಕೆಯೂ ತಿಂದು ಹೋಗಿತ್ತು. ಇಷ್ಟು ದೊಡ್ಡ ಗೇಟಿನಲ್ಲಿ ಜೀವ ಕಾಯುವ ಜಾಗಕ್ಕೆ ಎರಡು ಚುಕ್ಕೆ ಅಂದರೆ ಇವತ್ತಿಗೂ ಸಿಟ್ಟು ಬರುತ್ತದೆ. ಬೇರೆಯವರನ್ನು ಕರೆಸಿ 8 ಮಿಮೀ ಪ್ಲೇಟಿಗೆ ಸರಳು ಬೆಸೆದು, ಕಾಂಕ್ರೀಟಿನೊಳಗೆ ಒಂದು ಅಡಿ ಹುಗಿಸಿ, ಮುಂದೆ ರಬ್ಬರು ಹಾಕಿಸಿದೆ. ಕೆಳಗೊಂದು, ಮೇಲೊಂದು, ಎರಡೂ ತುದಿಗೆ. ಒಂದು ಸೋತರೆ ಇನ್ನೊಂದು ಇರಲಿ. ನೀವು ಮಾಡಿಸುವಾಗ ಪೇಂಟು ಹೊಡೆಯುವ ಮುಂಚೆಯೇ ಹೋಗಿ, ಸ್ಟಾಪರಿನ ವೆಲ್ಡನ್ನು ಕಣ್ಣಾರೆ ನೋಡಿ. ಆಮೇಲೆ ಗೇಟನ್ನು ಎರಡೂ ಕಡೆಗೆ ಜೋರಾಗಿ ತಳ್ಳಿ ಬಡಿಸಿ ನೋಡಿ. ಯಾರು ಏನಂದುಕೊಂಡರೂ ಪರವಾಗಿಲ್ಲ.

ಗಾಲಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲು ಬಂದ ಬೇರಿಂಗಿಗೆ ತಗಡಿನ ಮುಚ್ಚಳ ಇತ್ತು. ಎರಡು ವರ್ಷಕ್ಕೆ ಕಿರ್ ಅನ್ನಲು ಶುರುವಾಯಿತು. 2022ರಲ್ಲಿ ಅದೇ ಅಳತೆಯ, ರಬ್ಬರು ಮುಚ್ಚಳದ 2ಆರ್‌ಎಸ್ ಬೇರಿಂಗ್ ಹಾಕಿಸಿದೆ. ಇನ್ನೂ ಅದೇ ಓಡುತ್ತಿದೆ. ನಮ್ಮ ಗಾಲಿಗಳು ನಟ್ಟು ಬೋಲ್ಟಿನಲ್ಲಿವೆ, ಹಾಗಾಗಿ ಬದಲಾಯಿಸಲು ಒಂದು ಗಂಟೆ ಸಾಕಾಯಿತು. ಗಾಲಿಯನ್ನು ವೆಲ್ಡ್ ಮಾಡಿ ಕೂರಿಸಲು ಬಿಡಬೇಡಿ. ಮಳೆಗಾಲದಲ್ಲಿ ಹಳಿಯ ಮೇಲೆ ಕೆಂಪು ಮಣ್ಣು, ಎಲೆ, ಸಣ್ಣ ಕಲ್ಲು ಬಂದು ಕೂರುತ್ತವೆ. ವಾರಕ್ಕೊಮ್ಮೆ ಕಡ್ಡಿ ಪೊರಕೆಯಲ್ಲಿ ಗುಡಿಸಬೇಕು. ಮೋಟರ್ ಹಾಕಿಸಿಲ್ಲ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಇರುವುದೇ ಕಡಿಮೆ, ಅಲ್ವಾ. 72 ವರ್ಷದ ಅಮ್ಮ ಒಂದೇ ಕೈಯಲ್ಲಿ ಸರಿಸುತ್ತಾರೆ, ಅಷ್ಟು ಸಾಕು.

ಎಣ್ಣೆ ವಿಷಯದಲ್ಲಿ ಒಂದು ವರ್ಷ ಸುಮ್ನೆ ಕಳೆದೆ. ಮರದ ಬಣ್ಣ ಚೆಂದ ಕಾಣಲಿ ಅಂತ ಅಗಸೆ ಎಣ್ಣೆ ಹಚ್ಚಿದ್ದೆ. ಮೊದಲ ಎರಡು ತಿಂಗಳು ಹಲಸು ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ಜುಲೈಗೆ ಮೈತುಂಬ ಕಪ್ಪು ಬೂಷ್ಟು. ಆಚಾರ್ರ ಮಾತು ಕೇಳಿ ಗೇರು ಎಣ್ಣೆಗೆ ಬಂದೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕಪ್ಪು ಎಣ್ಣೆಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿ ಬೇಸಿಗೆಯಲ್ಲಿ ಹಚ್ಚುತ್ತೇವೆ. ಬಣ್ಣ ಗಾಢ ಕಂದು ಆಗುತ್ತದೆ, ಹೊಂಬಣ್ಣ ಹೋಗುತ್ತದೆ. ಅದಕ್ಕೆ ಸ್ವಲ್ಪ ಬೇಸರವಿದೆ. ಆದರೆ ಬೂಷ್ಟೂ ಇಲ್ಲ, ಒರಲೆಯೂ ಇಲ್ಲ. ಕೈಗೆ ಗ್ಲೌಸು ಹಾಕಲೇಬೇಕು, ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಗುಳ್ಳೆ ಬರುತ್ತದೆ. ಹಲಗೆ ಕೊಯ್ಯಿಸುವಾಗ ಅಂಚಿನ ಬಿಳಿ ಭಾಗ ಪೂರ್ತಿ ತೆಗೆಸಿ. ನಮ್ಮ ಎರಡು ಹಲಗೆಗಳಲ್ಲಿ ಬೆರಳಗಲ ಬಿಳಿ ಉಳಿದಿತ್ತು, ಕುಟ್ಟೆ ಹುಳ ಅಷ್ಟನ್ನೇ ಹುಡುಕಿ ತಿಂದಿದೆ.

ಆಗ ಮರ ಬಿಟ್ಟು ಒಟ್ಟು ಖರ್ಚು ₹34,000. ಆಮೇಲೆ ರಿಪೇರಿಗೆ ₹9,000 ಹೋಗಿದೆ. ಅದರಲ್ಲಿ ಬೇರಿಂಗ್ ಬಿಟ್ಟರೆ ಉಳಿದದ್ದೆಲ್ಲ ನೀರು ನಿಂತ ಜಾಗಗಳಿಗೆ. ತಗಡಿನ ಗೇಟು ಇದಕ್ಕಿಂತ ಕಡಿಮೆಗೆ ಆಗುತ್ತಿತ್ತು. ಆದರೆ ಗಾಳಿಗೆ ಅದು ಬಡಿದುಕೊಳ್ಳುವ ಸದ್ದು ನನಗೆ ಆಗದು. ಇದು ಮಳೆ ಹೊಯ್ಯುವಾಗಲೂ ಸದ್ದು ಮಾಡುವುದಿಲ್ಲ. ಹಲಗೆ ಸಂದಿಯಿಂದ ಗಾಳಿ ಹಾದು ಹೋಗುತ್ತದೆ. ಒಣಗಿದ ಮರ ಇದ್ದು, ವರ್ಷಕ್ಕೆ ಒಂದು ದಿನ ಎಣ್ಣೆ ಹಚ್ಚುವ ಮನಸ್ಸಿದ್ದರೆ ಧೈರ್ಯವಾಗಿ ಮಾಡಿಸಿ. ಆ ಒಂದು ದಿನ ಸಿಗುವುದಿಲ್ಲ ಅನ್ನುವವರಿಗೆ ಬೇಡ. 5ಕ್ಕೆ 4 ಕೊಡುತ್ತೇನೆ. ಕಳೆದ ಆ ಒಂದು ಅಂಕ ಸ್ಟಾಪರಿನದ್ದು.

ಕುಟ್ಟೆ ತಿಂದ ಎರಡು ಹಲಗೆಗಳನ್ನು ಈ ಬೇಸಿಗೆಯಲ್ಲಿ ಬದಲಾಯಿಸಬೇಕು. ಅದೇ ಮರದ ಆರು ಹಲಗೆ ಅಟ್ಟದಲ್ಲಿ ಇನ್ನೂ ಇವೆ. ಮೊನ್ನೆ ಹತ್ತಿ ಧೂಳು ಒರೆಸಿ ನೋಡಿದೆ. ಒಂದರಲ್ಲೂ ಬಿಳಿ ಇಲ್ಲ.