ಮೂರು ದಿನದ ‘ಟೆಸ್ಟಿಂಗ್ ವಾರಂಟಿ’ ನಂಬಿ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಗೊಂಡು ಟೋಪಿ ಹಾಕಿಸ್ಕೊಂಡೆ

ಬರೀಬಾರ್ದು ಅಂತಿದ್ದೆ. ಮನೇಲಿ, ಆಫೀಸಲ್ಲಿ, ನೆಂಟರಲ್ಲಿ ಯಾರ ಕಂಪ್ಯೂಟರ್ ಕೆಟ್ರೂ ನನಗೇ ಫೋನ್ ಬರೋದು. ಅಂಥವನೇ ಹೀಗೆ ಕುರಿ ಆದೆ ಅಂತ ಹೇಳ್ಕೊಳ್ಳೋಕೆ ನಾಚಿಕೆ. ಆದ್ರೆ ನನಗೆ ಮಾರಿದ ಅದೇ ಆಸಾಮಿ ಇನ್ನೊಬ್ಬರಿಗೆ ಮಾರೋಕೆ ಹೊರಟಿದಾನೆ ಅಂತ ನಿನ್ನೆ ಗೊತ್ತಾಯ್ತು. ಅದಕ್ಕೇ ಬರೀತಿದೀನಿ.

ಚಿಕ್ಕಮ್ಮನ ಮಗ ಪಿಯುಸಿ ಮುಗಿಸಿದ, ‘ಅಣ್ಣ, ಒಂದು ಗ್ರಾಫಿಕ್ಸ್ ಕಾರ್ಡ್ ಕೊಡ್ಸು’ ಅಂದ. ಕಂಪ್ಯೂಟರಲ್ಲಿ ದೊಡ್ಡ ಗೇಮ್ ಓಡ್ಬೇಕಂದ್ರೆ ಬೇಕಾಗೋ ಕಾರ್ಡ್ ಅದು. ಹೊಸದು ಕೊಡಿಸೋ ಶಕ್ತಿ ಇರ್ಲಿಲ್ಲ. ಆರ್‌ಎಕ್ಸ್ 580, 8 ಜಿಬಿ, ಆರೂವರೆ ಸಾವಿರಕ್ಕೆ ಸಿಕ್ತು. ಹೂವಿನ ಚಿತ್ರದ ನೀಲಿ ಬೆಡ್‌ಶೀಟ್ ಮೇಲಿಟ್ಟು ತೆಗೆದ ಫೋಟೋ. ‘ಗೇಮಿಂಗ್‌ಗೆ ಮಾತ್ರ ಬಳಸಿದ್ದು, ಮೈನಿಂಗ್ ಮಾಡಿಲ್ಲ, ಮೂರು ದಿನ ಟೆಸ್ಟಿಂಗ್ ವಾರಂಟಿ’ ಅಂತ ಮಾರೋನು ಜಾಹೀರಾತಲ್ಲಿ ಬರ್ದಿದ್ದ. ಅಂದ್ರೆ ಮೂರು ದಿನದೊಳಗೆ ತೊಂದ್ರೆ ಕಂಡ್ರೆ ವಾಪಸ್.

2017ರಲ್ಲಿ ಬಂದ ಕಾರ್ಡು ಇದು. ಈಥೀರಿಯಂ ಅನ್ನೋ ಕ್ರಿಪ್ಟೋ ಕರೆನ್ಸಿ ಗಳಿಸೋಕೆ ಕಂಪ್ಯೂಟರ್ ಓಡಿಸೋರು, ಅಂದ್ರೆ ಮೈನಿಂಗ್ ಮಾಡೋರು, ಇದನ್ನ ಹಗಲೂ ರಾತ್ರಿ ದುಡಿಸಿ, 2022ರ ಸೆಪ್ಟೆಂಬರ್‌ನಲ್ಲಿ ಆ ಮೈನಿಂಗೇ ನಿಂತ ಮೇಲೆ ರಾಶಿ ರಾಶಿ ಮಾರಿದ್ರು. ಗೊತ್ತಿತ್ತು ನನಗೆ. 2048ಎಸ್‌ಪಿ ಅಂತ ಒಂದು ಕಮ್ಮಿ ಶಕ್ತಿಯ ಕಾರ್ಡನ್ನೂ 580 ಅಂತಲೇ ಮಾರ್ತಾರೆ, ಅದೂ ಗೊತ್ತಿತ್ತು. ಅಷ್ಟು ಗೊತ್ತಿದ್ದದ್ದೇ ನನ್ನ ಸೊಕ್ಕು.

ಶನಿವಾರ ಕೆಂಗೇರಿಯಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬಸ್ ಹಿಡಿದು ಯಲಹಂಕಕ್ಕೆ ಹೋದೆ. ಅವನ ಮನೇಲಿ ಅವನದೇ ಸಿಸ್ಟಮ್‌ಗೆ ಹಾಕಿಟ್ಟಿದ್ದ. ‘ಜಿಪಿಯು-ಝಡ್ ತೋರ್ಸಿ’ ಅಂದೆ, ದೊಡ್ಡ ತಜ್ಞನ ಹಾಗೆ. ಕಾರ್ಡಿನ ವಿವರ ತೋರಿಸೋ ಸಾಫ್ಟ್‌ವೇರ್ ಅದು. ತೋರಿಸಿದ. ಶೇಡರ್ (ಕಾರ್ಡಿನೊಳಗಿನ ಲೆಕ್ಕ ಮಾಡೋ ಘಟಕ) 2304 ಅಂತಿತ್ತು. ಸರಿಯಾದ 580. ಒಳಗೊಳಗೇ ಬೀಗಿದೆ. ಒಂದು ಗೇಮ್ ಓಡಿಸಿ ಅಂದ್ರೆ, ‘ಬ್ರೋ, ಎಲ್ಲಾ ಅನ್‌ಇನ್‌ಸ್ಟಾಲ್ ಮಾಡ್ಬಿಟ್ಟಿದೀನಿ, ನೆಟ್ ಬೇರೆ ಸ್ಲೋ’ ಅಂದ. ಯೂಟ್ಯೂಬ್‌ನಲ್ಲಿ ಒಂದು ವಿಡಿಯೋ ಹಾಕಿ ತೋರಿಸಿದ. ಯೂಟ್ಯೂಬ್! ಅದನ್ನ ಮದರ್‌ಬೋರ್ಡ್ ಗ್ರಾಫಿಕ್ಸೂ ಓಡಿಸುತ್ತೆ. ಅವರಮ್ಮ ಕಾಫಿ ಕೊಟ್ರು. ಕಾಫಿ ಕುಡಿದು, ಫೋನ್‌ಪೇ ಮಾಡಿ, ಕಾರ್ಡನ್ನ ಟವೆಲ್‌ನಲ್ಲಿ ಸುತ್ಕೊಂಡು ಬಂದೆ.

ರಾತ್ರಿ ಹಾಕಿದ್ರೆ ಡಿಸ್‌ಪ್ಲೇ ಬಂತು, ಕಾರ್ಡನ್ನ ವಿಂಡೋಸ್‌ಗೆ ಹೊಂದಿಸೋ ಸಾಫ್ಟ್‌ವೇರ್, ಡ್ರೈವರ್, ಮಾತ್ರ ಕೂರ್ತಾನೇ ಇಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು, ಕೋಡ್ 43. ಅಂದ್ರೆ ತೊಂದ್ರೆ ಇದೆ ಅಂತ ವಿಂಡೋಸ್ ಕಾರ್ಡನ್ನ ನಿಲ್ಲಿಸಿದೆ.

ಮೆಸೇಜ್ ಹಾಕಿದೆ. ಎರಡೇ ನಿಮಿಷಕ್ಕೆ ಉತ್ತರ: ‘ಬ್ರೋ ಡಿಡಿಯು ಹಾಕಿ ಹಳೇ ಡ್ರೈವರ್ ಪೂರ್ತಿ ಕಿತ್ತು ಹೊಸದಾಗಿ ಹಾಕಿ, ಆಗುತ್ತೆ.’ ಎಷ್ಟು ಒಳ್ಳೆ ಹುಡುಗ ಅಂದ್ಕೊಂಡೆ. ಸೇಫ್ ಮೋಡ್‌ಗೆ ಹೋಗಿ ಕಿತ್ತು ಹಾಕಿದೆ. ಊಹೂಂ. ಭಾನುವಾರ ಬೆಳಗ್ಗೆ: ‘ವಿಂಡೋಸ್ ಫ್ರೆಶ್ ಹಾಕ್ಬಿಡಿ ಬ್ರೋ.’ ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗೆ ಅವನು ಹೇಳಿದ್ದೆಲ್ಲಾ ಮಾಡಿದೆ. ಭಾನುವಾರ ಪೂರ್ತಿ ಅದಕ್ಕೇ ಹೋಯ್ತು. ಆಮೇಲೂ ಕೋಡ್ 43.

ರಾತ್ರಿ ಹನ್ನೊಂದಕ್ಕೆ ಕಾರ್ಡಿನ ಅಂಚಲ್ಲಿ ಒಂದು ಚಿಕ್ಕ ಸ್ವಿಚ್ ಕಣ್ಣಿಗೆ ಬಿತ್ತು. ಕೆಲವು ಕಾರ್ಡಲ್ಲಿ ಎರಡು ಬಯಾಸ್ (ಕಾರ್ಡನ್ನ ನಡೆಸೋ ಒಳಗಿನ ಪ್ರೋಗ್ರಾಂ) ಇರ್ತವೆ, ಅದಕ್ಕೆ ಆ ಸ್ವಿಚ್. ಈ ಕಡೆಯಿಂದ ಆ ಕಡೆಗೆ ತಳ್ಳಿದೆ. ಡ್ರೈವರ್ ಕೂತ್ಕೊಂಡ್ತು! ಕುಣಿದಾಡೋದೊಂದು ಬಾಕಿ. ಮೈನಿಂಗ್‌ಗೆ ಅಂತ ತಿದ್ದಿದ ಬಯಾಸ್ ಇದ್ರೆ ಚಿಪ್ ಮಾಡೋ ಎಎಂಡಿ ಕಂಪನಿಯ ಡ್ರೈವರ್ ಅದನ್ನ ಒಪ್ಪಲ್ಲ, ಡ್ರೈವರನ್ನೂ ಪ್ಯಾಚ್ ಮಾಡ್ಬೇಕು, ಅಂದ್ರೆ ತಿದ್ದಬೇಕು. ಅವನ ಸಿಸ್ಟಮ್‌ನಲ್ಲಿ ಓಡ್ತಿತ್ತಲ್ಲ, ಹಾಗಾದ್ರೆ ಅಲ್ಲಿ ಡ್ರೈವರ್ ತಿದ್ದಿಟ್ಟಿದ್ನಾ ಅಂತ ನನಗೆ ಆಗಲೇ ಅನುಮಾನ ಬರ್ಬೇಕಿತ್ತು. ಬರ್ಲಿಲ್ಲ. ಬದ್ಲಿಗೆ ನಾನೇನು ಮಾಡ್ದೆ ಗೊತ್ತಾ? ಅವನಿಗೆ ಮೆಸೇಜ್ ಹಾಕಿದೆ: ‘ಸರಿಯಾಯ್ತು ಬ್ರೋ, ತುಂಬಾ ಥ್ಯಾಂಕ್ಸ್.’

ಈ ಒಂದು ಸಾಲು ನೆನೆಸ್ಕೊಂಡ್ರೆ ಈಗ್ಲೂ ಮೈ ಉರಿಯುತ್ತೆ.

ಸೋಮವಾರ ಸಂಜೆ ತಮ್ಮ ಬಂದ, ಗೇಮ್ ಹಾಕಿದ. ಏಳೆಂಟು ನಿಮಿಷ ಆಗಿತ್ತು. ಸ್ಕ್ರೀನ್ ತುಂಬಾ ಹಸಿರು ಚೌಕ, ಆಮೇಲೆ ಕಪ್ಪು, ಫ್ಯಾನ್ ಹಿಟ್ಟಿನ ಗಿರಣಿ ಥರ ಹೊಡ್ಕೊಳ್ತು. ಟೆಂಪರೇಚರ್ ಬರೀ 66 ಡಿಗ್ರಿ. ಅದು ಜಿಪಿಯು ಚಿಪ್ಪಿಂದು, ಈ ಕಾರ್ಡಲ್ಲಿ ಮೆಮೊರಿ ಎಷ್ಟು ಬಿಸಿ ಅಂತ ತೋರಿಸೋ ಸೆನ್ಸರ್ರೇ ಇಲ್ಲ. ಮತ್ತೆ ಹಾಕಿದ, ಮತ್ತೆ ಹಸಿರು. ತಮ್ಮ ಏನೂ ಅನ್ಲಿಲ್ಲ, ನನ್ನ ಮುಖ ನೋಡಿದ ಅಷ್ಟೇ.

ಮಾರಿದೋನಿಗೆ ಮೆಸೇಜ್ ಹಾಕಿದೆ. ಅವನ ಉತ್ತರ: ‘ನಿಮ್ ಎಸ್‌ಎಂಪಿಎಸ್ ಎಷ್ಟು ಬ್ರೋ? 450ಆ? ಅದಕ್ಕೇ. ಪವರ್ ಸಾಲ್ತಿಲ್ಲ. ಒಳ್ಳೆ 550 ಹಾಕಿ ನೋಡಿ.’ ಎಸ್‌ಎಂಪಿಎಸ್ ಅಂದ್ರೆ ಕಂಪ್ಯೂಟರಿಗೆ ಕರೆಂಟ್ ಕೊಡೋ ಡಬ್ಬಿ. ಕಾರ್ಡು ಎಳೆಯೋದು 185 ವಾಟ್, ಸರಿಯಾದ 450 ವಾಟಿನದು ಸಾಕು. ಆದ್ರೆ ನಮ್ಮದು ಹಳೇದು, ಇದ್ರೂ ಇರ್ಬಹುದೇನೋ ಅನ್ನಿಸ್ತು. ಮಂಗಳವಾರ ಆಫೀಸಿಂದ ಬೇಗ ಹೊರಟು ಮೂರು ಸಾವಿರದ ಇನ್ನೂರು ಕೊಟ್ಟು ಹೊಸ ಎಸ್‌ಎಂಪಿಎಸ್ ತಂದು ಹಾಕಿದೆ. ಹಸಿರು ಚೌಕ. ಓಸಿಸಿಟಿ ಅನ್ನೋ ಸಾಫ್ಟ್‌ವೇರಲ್ಲಿ ವಿ-ರ್ಯಾಮ್ (ಕಾರ್ಡಿನ ಮೆಮೊರಿ) ಟೆಸ್ಟ್ ಓಡಿಸಿದೆ, ಇದನ್ನ ಮೊದಲೇ ಮಾಡ್ಬೇಕಿತ್ತು. ನಿಮಿಷ ಕಳೆಯೋದ್ರೊಳಗೆ ಸಾವಿರಗಟ್ಲೆ ಎರರ್. ಮೆಮೊರಿ ಕ್ಲಾಕ್, ಅಂದ್ರೆ ಅದರ ವೇಗ, 2000 ಮೆಗಾಹರ್ಟ್ಸ್‌ನಿಂದ 1750ಕ್ಕೆ ಇಳಿಸಿದ್ರೆ ಇನ್ನೊಂದು ಹತ್ತು ನಿಮಿಷ ಜಾಸ್ತಿ ಉಸಿರಾಡಿತು, ಅಷ್ಟೇ.

ಸ್ಕ್ರೀನ್‌ಶಾಟ್ ಕಳಿಸಿ ‘ವಾಪಸ್ ತಗೊಳ್ಳಿ’ ಅಂದೆ. ಎರಡು ನಿಮಿಷಕ್ಕೆ ಉತ್ತರ ಕೊಡ್ತಿದ್ದೋನು ಮಾರನೇ ದಿನ ಮಧ್ಯಾಹ್ನ ಕೊಟ್ಟ. ‘ಬ್ರೋ’ ಹೋಗಿ ‘ಸರ್’ ಬಂದಿತ್ತು.

‘ಸರ್ ಟೆಸ್ಟಿಂಗ್ ಟೈಮ್ ಮುಗೀತು.’

ನಾನು ಶನಿವಾರ ರಾತ್ರಿಯಿಂದ್ಲೇ ಹೇಳ್ತಿದೀನಲ್ರೀ ಅಂದೆ. ನಾನೇ ಕಳಿಸಿದ್ದ ಮೆಸೇಜಿನ ಸ್ಕ್ರೀನ್‌ಶಾಟ್ ನನಗೇ ಕಳಿಸಿದ. ‘ಸರಿಯಾಯ್ತು ಬ್ರೋ, ತುಂಬಾ ಥ್ಯಾಂಕ್ಸ್.’ ಕೆಳಗೆ: ‘ಭಾನುವಾರ ನೀವೇ ಸರಿಯಾಯ್ತು ಅಂದಿದೀರ. ಆಮೇಲೆ ಎಸ್‌ಎಂಪಿಎಸ್ ಚೇಂಜ್ ಮಾಡಿದೀರ. ನೀವು ಏನ್ ಮಾಡಿ ಸುಟ್ರೋ ನಮಗೇನ್ ಗೊತ್ತು ಸರ್.’

ಓದ್ತಾ ಕೈ ನಡುಗ್ತು. ಎಸ್‌ಎಂಪಿಎಸ್ ಹಾಕು ಅಂದೋನು ಅವನೇ. ಡಿಡಿಯು, ವಿಂಡೋಸ್, ಎಸ್‌ಎಂಪಿಎಸ್... ಒಂದೊಂದು ಸಲಹೆಗೆ ನನ್ನ ಒಂದೊಂದು ದಿನ. ಸಹಾಯ ಅಂದ್ಕೊಂಡಿದ್ನಲ್ಲ, ಮೂರು ದಿನ ತಳ್ಳೋ ಲೆಕ್ಕ ಅದು. ಫೋನ್ ಮಾಡಿದ್ರೆ ಕಟ್. ಸಂಜೆ ಹೊತ್ತಿಗೆ ಬ್ಲಾಕ್. ಮನೆ ಗೊತ್ತಲ್ಲ ಅಂತ ಯಲಹಂಕಕ್ಕೇ ಹೋದೆ. ಅವರಮ್ಮ ಬಾಗಿಲಲ್ಲೇ ನಿಂತು ‘ಅವನು ಊರಲ್ಲಿಲ್ಲಪ್ಪ’ ಅಂದ್ರು. ಈ ಸಲ ಕಾಫಿ ಇಲ್ಲ. ಸ್ಟೇಷನ್‌ಗೆ ಹೋಗಿ ಏನಂತ ಹೇಳೋದು? ನೋಡಿ, ಮುಟ್ಟಿ, ಒಪ್ಪಿ ನಾನೇ ದುಡ್ಡು ಕೊಟ್ಟಿದೀನಿ. ಬಿಲ್ಲಿಲ್ಲ, ಚೀಟಿಯಿಲ್ಲ.

ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಿಗೆ ತಗೊಂಡು ಹೋದೆ. ಚಿಪ್ ಕೆಲಸ ಮಾಡೋ ಹುಡುಗ ನಾಲ್ಕು ಸ್ಕ್ರೂ ಬಿಚ್ಚಿ ಹೀಟ್‌ಸಿಂಕ್ ಎತ್ತಿದ. ಥರ್ಮಲ್ ಪ್ಯಾಡಿಂದ ಎಣ್ಣೆ ಜಿನುಗಿ ಬೋರ್ಡೆಲ್ಲಾ ಜಿಡ್ಡು, ಬೋಂಡಾ ಕರಿದ ಪೇಪರ್ ಥರ. ಎಂಟು ಮೆಮೊರಿ ಚಿಪ್‌ನಲ್ಲಿ ಎರಡರ ಸುತ್ತ ಬೆಸುಗೆ ಹಾಕುವಾಗ ಹಚ್ಚೋ ಕಂದು ಬಣ್ಣದ ಅಂಟು. ‘ಇಲ್ನೋಡಿ ಸಾರ್, ಫ್ಲಕ್ಸು. ಯಾರೋ ಆಗ್ಲೇ ಹೀಟ್ ಹೊಡ್ದಿದಾರೆ. ಹಿಂಗೆ ಹೊಡುದ್ರೆ ಒಂದ್ ವಾರನೋ ತಿಂಗ್ಳೋ ಓಡುತ್ತೆ, ಅಷ್ಟ್ರಲ್ಲಿ ಮಾರ್ಬಿಡ್ತಾರೆ’ ಅಂದ. ಚಿಪ್ ಬದಲಾಯಿಸೋಕೆ ಎರಡೂವರೆ ಸಾವಿರ ಹೇಳಿದ. ಗ್ಯಾರಂಟಿ ಇದ್ಯಾ ಅಂದೆ, ನಕ್ಕ. ಎಷ್ಟಕ್ಕೆ ತಗೊಂಡ್ರಿ ಸಾರ್ ಅಂತ ಕೇಳಿದ. ಐದು ಸಾವಿರ ಅಂತ ಸುಳ್ಳು ಹೇಳಿದೆ. ಅದಕ್ಕೂ ಅಯ್ಯೋ ಅಂದ.

ನಿನ್ನೆ ಬೇರೆ ಹೆಸರಲ್ಲಿ ಇನ್ನೊಂದು 580 ಮಾರಾಟಕ್ಕೆ ಬಂದಿದೆ. ಅದೇ ನೀಲಿ ಬೆಡ್‌ಶೀಟ್, ಅದೇ ಹೂವು, ಅದೇ ‘ಮೈನಿಂಗ್ ಮಾಡಿಲ್ಲ’, ಅದೇ ಮೂರು ದಿನ.

ಸೆಕೆಂಡ್ ಹ್ಯಾಂಡ್ ತಗೊಳ್ಳಲೇಬೇಕು ಅಂದ್ರೆ ಪೆನ್‌ಡ್ರೈವ್‌ನಲ್ಲಿ ಓಸಿಸಿಟಿ ಹಾಕ್ಕೊಂಡು ಹೋಗಿ, ಅವರ ಮುಂದೆನೇ ಅರ್ಧ ಗಂಟೆ ವಿ-ರ್ಯಾಮ್ ಟೆಸ್ಟ್ ಓಡ್ಲಿ. ಬೇಡ ಅಂದ್ರೆ ಎದ್ದು ಬನ್ನಿ, ಕಾಫಿ ಕೊಟ್ರೂ. ಸ್ವಿಚ್ ಇದ್ರೆ ಎರಡೂ ಕಡೆ ತಳ್ಳಿ ನೋಡಿ, ಆಗೋದಾದ್ರೆ ಅವರ ಸಿಸ್ಟಮ್ ಬಿಟ್ಟು ಬೇರೆ ಸಿಸ್ಟಮ್‌ನಲ್ಲಿ. ಮನೆಗೆ ಬಂದ ಮೇಲೆ ಒಂದು ಸಣ್ಣ ತೊಂದ್ರೆ ಕಂಡ್ರೂ ಅವರ ಸಲಹೆ ಕೇಳ್ತಾ ಕೂರ್ಬೇಡಿ, ಅವತ್ತೇ ವಾಪಸ್ ಕೇಳಿ, ಬರವಣಿಗೇಲಿ ಕೇಳಿ. ಮತ್ತೆ ದಯವಿಟ್ಟು, ಟೆಸ್ಟಿಂಗ್ ಟೈಮ್ ಮುಗಿಯೋವರೆಗೂ ಯಾರಿಗೂ ಥ್ಯಾಂಕ್ಸ್ ಹೇಳ್ಬೇಡಿ.

ಕಾರ್ಡು ಬೀರು ಮೇಲಿದೆ. ತಮ್ಮ ಮದರ್‌ಬೋರ್ಡ್ ಗ್ರಾಫಿಕ್ಸ್‌ನಲ್ಲೇ ಏನೋ ಹಳೇ ಗೇಮ್ ಆಡ್ಕೊಂಡಿದಾನೆ. 550 ವಾಟಿನ ಹೊಸ ಎಸ್‌ಎಂಪಿಎಸ್ ಮಾತ್ರ ಬಹಳ ಚೆನ್ನಾಗಿ ಓಡ್ತಿದೆ.