ರೋಗ ತಡವಾಗಿ ಪತ್ತೆಯಾದರೆ ದೂರು ಎಲ್ಲಿ ಕೊಡೋದು?

ಅಮ್ಮನ ಹೊಟ್ಟೆಯ ಗಡ್ಡೆಯನ್ನು ಎಂಟು ತಿಂಗಳು ಗ್ಯಾಸ್ಟ್ರಿಕ್ ಅಂತಲೇ ನೋಡಿದರು ಅಂದಿರಲ್ಲ, ನಿಮಗೆ ಮೂರು ದಾರಿ ಇದೆ: ಗ್ರಾಹಕರ ಆಯೋಗ, ಕರ್ನಾಟಕ ವೈದ್ಯಕೀಯ ಪರಿಷತ್ತು, ಪೊಲೀಸ್ ಠಾಣೆ.

ಪರಿಹಾರದ ಹಣ ಬೇಕಿದ್ದರೆ ಆಯೋಗ. ಆಸ್ಪತ್ರೆಗೆ ಕಟ್ಟಿದ್ದು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಆದರೆ 2 ವರ್ಷದೊಳಗೆ ಹಾಕಬೇಕು. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆಯಾದರೆ ಈ ಬಾಗಿಲು ಮುಚ್ಚಿದ ಹಾಗೇ. ಪರಿಷತ್ತು ದುಡ್ಡು ಕೊಡಿಸಲ್ಲ. ವೈದ್ಯರ ನೋಂದಣಿ ಅಮಾನತು ಮಾಡಬಹುದು. 'ಇನ್ನೊಬ್ಬರಿಗೆ ಹೀಗಾಗಬಾರದು' ಅನ್ನೋರು ಅಲ್ಲಿಗೆ ಹೋಗಲಿ. ಪೊಲೀಸ್ ಕೇಸಿಗೆ ಘೋರ ನಿರ್ಲಕ್ಷ್ಯವೇ ಇರಬೇಕು, 2005ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಬೇರೆ ವೈದ್ಯರ ಅಭಿಪ್ರಾಯವೂ ಬೇಕು. ಬರೀ ತಡವಾಯಿತು ಅನ್ನೋದಕ್ಕೆ ನಾನಂತೂ ಆ ಕಡೆ ಕಳಿಸಲ್ಲ.

ಸಾಬೀತು ಮಾಡೋದೇ ಕಷ್ಟ. ತಡವಾಗಿದ್ದಷ್ಟೇ ಸಾಲದು, ಬೇಗ ಗೊತ್ತಾಗಿದ್ದರೆ ಅಮ್ಮನ ಸ್ಥಿತಿ ಬೇರೆ ಇರುತ್ತಿತ್ತು ಅಂತ ತೋರಿಸಬೇಕು. ಮೊದಲ ಚೀಟಿಯಲ್ಲೇ 'ತೂಕ ಇಳಿದಿದೆ' ಅಂತ ಡಾಕ್ಟರೇ ಬರೆದು ಸ್ಕ್ಯಾನ್ ಬರೆದಿಲ್ಲವೆಂದರೆ, ಆಯೋಗದಲ್ಲಿ ಆ ಒಂದು ಸಾಲಿಗೆ ತುಂಬ ತೂಕ. ಪ್ರತಿ ಕೇಸಿಗೂ ತಜ್ಞರ ಸಾಕ್ಷ್ಯ ಬೇಕಿಲ್ಲ ಅಂತ 2010ರಲ್ಲಿ, ಮಲೇರಿಯಾಕ್ಕೆ ಟೈಫಾಯ್ಡ್ ಔಷಧ ಕೊಟ್ಟ ಪ್ರಕರಣದಲ್ಲಿ, ಸುಪ್ರೀಂ ಕೋರ್ಟೇ ಹೇಳಿದೆ. ಚಿಕಿತ್ಸೆಯ ದಾಖಲೆಗಳಿಗೆ ಇವತ್ತೇ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಡಿ. ಅವರು 72 ಗಂಟೆಯೊಳಗೆ ದಾಖಲೆ ಕೊಡಬೇಕು.