ಜೋನಿ ಮಿಚೆಲ್ ಅವರ ಮೊದಲ 4 ಆಲ್ಬಮ್‌ಗಳ ಸೆಟ್: ಮೂರು ವರ್ಷ ಕೇಳಿದ ಮೇಲೆ

ಈ ಸೆಟ್ ನಮ್ಮ ಮನೆಗೆ ಬಂದು ಮೂರು ವರ್ಷದ ಮೇಲಾಯಿತು. ಹೆಸರು ‘ದಿ ರಿಪ್ರೈಸ್ ಆಲ್ಬಮ್ಸ್ (1968–1971)’. ಕೆನಡಾದ ಜೋನಿ ಮಿಚೆಲ್ ತಾವೇ ಹಾಡು ಕಟ್ಟಿ ತಾವೇ ಹಾಡಿದವರು. ಅವರ ಮೊದಲ 4 ಆಲ್ಬಮ್‌ಗಳನ್ನು ಒಟ್ಟುಗೂಡಿಸಿ 2021ರಲ್ಲಿ ಮತ್ತೆ ಹೊರತಂದರು. ಎಲ್‌ಪಿಯಲ್ಲೂ ಬಂದಿದೆ, ನಾನು ತಗೊಂಡಿದ್ದು ಸಿಡಿ. ಹೊಸದರಲ್ಲೇ ವಿಮರ್ಶೆ ಬರೆದಿದ್ದರೆ ಪೂರ್ತಿ ನಾಲ್ಕನೇ ಆಲ್ಬಮ್ ‘ಬ್ಲೂ’ (1971) ಬಗ್ಗೆಯೇ ಬರೆಯುತ್ತಿದ್ದೆನೋ ಏನೋ. ಈಗ ನನಗೆ ಹೇಳಬೇಕು ಅನ್ನಿಸುವುದು ಮೊದಲ ಡಿಸ್ಕಿನ ಬಗ್ಗೆ.

ಅದು 1968ರ ‘ಸಾಂಗ್ ಟು ಎ ಸೀಗಲ್’. ಇದರ ಹಳೇ ಸಿಡಿ ನನ್ನ ಹತ್ತಿರ ಮುಂಚೆಯೇ ಇತ್ತು. ಹಾಡುಗಳು ಇಷ್ಟವಾಗಿದ್ದವು, ಆದರೆ ಪಕ್ಕದ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಹಾಡಿದ ಹಾಗೆ ಕೇಳುತ್ತಿತ್ತು. ಕಾರಣ ಆಮೇಲೆ ತಿಳಿಯಿತು. ಆ ಆಲ್ಬಮ್ ಮಾಡಿಸಿದವರು ಅಮೆರಿಕದ ಗಾಯಕ ಡೇವಿಡ್ ಕ್ರಾಸ್ಬಿ. ಪಿಯಾನೋದ ಹತ್ತಿರ ನಿಂತು ಹಾಡಿದರೆ ಅದರ ತಂತಿಗಳು ತಾವಾಗಿಯೇ ಮಿಡಿಯುತ್ತವೆ, ನಮ್ಮ ಸಿತಾರಿನ ತರಬ್ ತಂತಿಗಳ ಹಾಗೆ. ಆ ಗುಂಗನ್ನೂ ಹಿಡಿಯಬೇಕು ಅಂತ ಕ್ರಾಸ್ಬಿ ಅವರ ಆಸೆ. ಗುಂಗಿನ ಜೊತೆ ‘ಸುಯ್’ ಅನ್ನುವ ಸದ್ದೂ ಟೇಪಿಗೆ ಸೇರಿಕೊಂಡಿತು. ಅದನ್ನು ತೆಗೆಯಲು ಹೋಗಿ ದನಿಯ ಹೊಳಪೂ ಹೋಯಿತು.

ಈ ಸೆಟ್‌ಗಾಗಿ ಜೋನಿ ಅವರು ಧ್ವನಿ ತಂತ್ರಜ್ಞ ಮ್ಯಾಟ್ ಲೀ ಜೊತೆ ಸೇರಿ ಆ ಆಲ್ಬಮ್ಮನ್ನು ಹೊಸದಾಗಿ ಮಿಕ್ಸ್ ಮಾಡಿದ್ದಾರೆ, ಅಂದರೆ ದನಿ, ವಾದ್ಯಗಳನ್ನು ಮತ್ತೆ ಹೊಂದಿಸಿದ್ದಾರೆ. 2015ರಲ್ಲಿ ಮೆದುಳಿನ ರಕ್ತನಾಳ ಒಡೆದು ಅವರು ನಡೆಯುವುದನ್ನೂ ಮಾತಾಡುವುದನ್ನೂ ಮತ್ತೆ ಕಲಿಯಬೇಕಾಯಿತು. ಅಂಥವರು, 70 ದಾಟಿದ ಮೇಲೆ, ತಮ್ಮ 24ರ ದನಿಯನ್ನು ಸರಿಮಾಡಲು ಕೂತರು. ಇದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ಹೆಡ್‌ಫೋನ್ ಹಾಕಿಕೊಂಡು ಮೊದಲ ಹಾಡು ಕೇಳಿ. ಗಿಟಾರಿನ ತಂತಿಯ ಮೇಲೆ ಬೆರಳು ಜಾರುವುದು ಗೊತ್ತಾಗುತ್ತದೆ. ಸಾಲು ಎತ್ತುವ ಮೊದಲು ಎಳೆದುಕೊಳ್ಳುವ ಉಸಿರು ಕೇಳುತ್ತದೆ. ಮುಚ್ಚಿದ್ದ ಬಾಗಿಲು ತೆರೆದಿದೆ.

ಕವರಿನ ಚಿತ್ರವೂ ಅವರದ್ದೇ. ಆಕಾಶದಲ್ಲಿ ಹಾರುವ ಹಕ್ಕಿಗಳ ಸಾಲೇ ಆಲ್ಬಮ್ಮಿನ ಹೆಸರಿನ ಅಕ್ಷರಗಳಾಗಿವೆ. ಆಗ ಅಚ್ಚಿನಲ್ಲಿ ಅಂಚು ಕತ್ತರಿಸಿ ಹೆಸರು ಪೂರ್ತಿ ಕಾಣದೆ, ಎಷ್ಟೋ ಜನ ಆಲ್ಬಮ್ಮಿನ ಹೆಸರು ‘ಜೋನಿ ಮಿಚೆಲ್’ ಅಂತಲೇ ತಿಳಿದುಕೊಂಡಿದ್ದರು. ಸಿಡಿ ಅಳತೆಯಲ್ಲಿ ಈ ಹಕ್ಕಿಗಳು ತೀರಾ ಸಣ್ಣವು. ದೀಪದ ಕೆಳಗೆ ಹಿಡಿದು ನೋಡಬೇಕು. ಚಿತ್ರಗಳ ಮೇಲೆ ಆಸೆ ಇದ್ದವರು ಎಲ್‌ಪಿಯನ್ನೇ ತಗೊಳ್ಳಿ.

‘ಕ್ಲೌಡ್ಸ್’ (1969) ಮತ್ತು ‘ಲೇಡೀಸ್ ಆಫ್ ದಿ ಕ್ಯಾನ್ಯನ್’ (1970) ರೀಮಾಸ್ಟರ್ ಆಗಿವೆ, ಅಂದರೆ ಹಳೇ ಮಿಕ್ಸನ್ನೇ ಇಟ್ಟುಕೊಂಡು ಸದ್ದನ್ನಷ್ಟೇ ತಿದ್ದಿದ್ದಾರೆ. ನನ್ನ ಕಿವಿಗೆ ಅಂಥ ವ್ಯತ್ಯಾಸ ಕೇಳಲಿಲ್ಲ. ‘ಬ್ಲೂ’ ಮೊದಲೂ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ. ಹಿಂದೆ ಕೇಳಿರದ ಹಾಡು ಒಂದೂ ಈ ಸೆಟ್‌ನಲ್ಲಿಲ್ಲ. ಅದು ಬೇಕಾದವರು ‘ಆರ್ಕೈವ್ಸ್’ ಸಂಪುಟಗಳನ್ನು ನೋಡಿ; 1963–67ರ ಧ್ವನಿಮುದ್ರಣಗಳ ಮೊದಲ ಸಂಪುಟ 2020ರಲ್ಲಿ ಬಂದಿದೆ. ನನಗೆ ಬಂದ ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತು, ಡಿಸ್ಕ್‌ಗಳಿಗೆ ಏನೂ ಆಗಿರಲಿಲ್ಲ. ಬರೀ ಕೇಳಿದರೆ ಸಾಕು ಅನ್ನುವವರಿಗೆ ಸ್ಟ್ರೀಮಿಂಗ್‌ನಲ್ಲೂ ಇದೆ. ಮೊದಲ ಆಲ್ಬಮ್ ಮಾತ್ರ 2021ರದ್ದೇ ಅಂತ ಖಾತ್ರಿ ಮಾಡಿಕೊಂಡು ಹಾಕಿ.

ಹೊಸಬರಿಗೆ ಇದು ಹಿಡಿಸುತ್ತದಾ? ನಮ್ಮ ಮನೆಯ ಮಾತು ಹೇಳುತ್ತೇನೆ. ಮಗಳು ಜೋನಿ ಅವರನ್ನು ಮೊದಲು ನೋಡಿದ್ದು ಅಮೆರಿಕದ ನ್ಯೂಪೋರ್ಟ್ ಫೋಕ್ ಫೆಸ್ಟಿವಲ್ ಎಂಬ ಸಂಗೀತೋತ್ಸವದ 2022ರ ವಿಡಿಯೋದಲ್ಲಿ. 78ರ ವಯಸ್ಸು, ಕುರ್ಚಿಯಲ್ಲಿ ಕೂತು ‘ಬೋತ್ ಸೈಡ್ಸ್ ನೌ’ ಹಾಡುತ್ತಾರೆ. ದನಿ ಕೆಳಗಿಳಿದಿದೆ, ಆಳವಾಗಿದೆ. ಪಕ್ಕದಲ್ಲಿ ಗಾಯಕಿ ಬ್ರಾಂಡಿ ಕಾರ್ಲೈಲ್, ಈ ಸೆಟ್‌ಗೆ ಮುನ್ನುಡಿಯಂಥ ಬರಹ ಬರೆದವರು. ಆಮೇಲೆ ‘ಕ್ಲೌಡ್ಸ್’ ಡಿಸ್ಕಿನ ಕೊನೆಯಲ್ಲಿರುವ ಅದೇ ಹಾಡನ್ನು ಹಾಕಿದೆ. ಅವಳು ಸುಮ್ನೆ ಕೇಳಿದಳು. “ಅಮ್ಮಾ, ಇವರಿಬ್ಬರೂ ಒಬ್ಬರೇನಾ?” ಅಂದಳು.

ಅಲ್ಲಿಂದ ಮೊದಲ ಡಿಸ್ಕಿಗೆ ಹೋದಳು, ಆಮೇಲೆ ಸಾಲಾಗಿ ನಾಲ್ಕನ್ನೂ ಕೇಳಿದಳು. ಎಲ್ಲರೂ ‘ಬ್ಲೂ’ನಿಂದ ಶುರು ಮಾಡಿ ಅನ್ನುತ್ತಾರೆ, ನಾನೂ ಅನ್ನುತ್ತಿದ್ದೆ. ಆದರೆ ಸಾಲಾಗಿ ಬಂದವಳಿಗೆ ‘ಬ್ಲೂ’ನಲ್ಲಿ ‘ಲಿಟಲ್ ಗ್ರೀನ್’ ಬಂದಾಗ, ಆ ಹೊತ್ತಿಗೆ ಜೋನಿ ಪರಿಚಯದವರಾಗಿದ್ದರು. 1965ರಲ್ಲಿ ಹುಟ್ಟಿದ ಮಗಳನ್ನು ಸಾಕಲಾಗದೆ ದತ್ತು ಕೊಟ್ಟ ತಾಯಿಯ ಹಾಡು ಅದು. ತಾಯಿ ಮಗಳು ಮತ್ತೆ ಸೇರಿದ್ದು 1997ರಲ್ಲಿ ಅಂತ ಹೇಳಿದೆ. ಅವತ್ತು ಇಬ್ಬರೂ ಜಾಸ್ತಿ ಮಾತಾಡಲಿಲ್ಲ.

ಈಗ ಅವಳು ಗಿಟಾರ್ ಹಿಡಿದು ಅವೇ ಹಾಡುಗಳನ್ನು ನುಡಿಸಲು ಕೂರುತ್ತಾಳೆ. ಮೊದಮೊದಲು ಎಷ್ಟು ನುಡಿಸಿದರೂ ಆ ನಾದ ಬರುತ್ತಿರಲಿಲ್ಲ. 9ನೇ ವಯಸ್ಸಿನ ಪೋಲಿಯೋದಿಂದ ಜೋನಿ ಅವರ ಎಡಗೈಯಲ್ಲಿ ಬಲ ಕಮ್ಮಿ, ಅದಕ್ಕೇ ಅವರು ಗಿಟಾರಿನ ಶ್ರುತಿಯನ್ನೇ ತಮ್ಮ ಕೈಗೆ ತಕ್ಕ ಹಾಗೆ ಬದಲಿಸಿಕೊಂಡಿದ್ದರು. ಗೊತ್ತಾದ ಮೇಲೆ ಒಂದೊಂದು ಹಾಡಿನ ಶ್ರುತಿಯನ್ನೂ ಚೀಟಿಯಲ್ಲಿ ಬರೆದು ಆಯಾ ಡಿಸ್ಕಿನ ಕವರಿನೊಳಗೆ ಇಟ್ಟಿದ್ದಾಳೆ. ಮೊದಲ ಡಿಸ್ಕಿನ ಕವರ್ ಚೀಟಿಗಳಿಂದ ಉಬ್ಬಿ, ಪೆಟ್ಟಿಗೆಯ ಮುಚ್ಚಳ ಈಗ ಸರಿಯಾಗಿ ಕೂರುವುದಿಲ್ಲ.